ನಮ್ಮ ಊರಿನ ಯೋಜನೆ, ಜಗತ್ತಿನ ಗುರಿ

(ಮುರುಗಮಲ್ಲದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಉರ್ದು ಮತ್ತು ಕನ್ನಡ ಎರಡೂ ಭಾಷೆಗಳನ್ನು ಕಲಿಸುವ ಶಿಕ್ಷಕಿಯನ್ನು ವೇದಿಕೆಗೆ ಕರೆದರೆ ಭಾಷೆಯ ಬಗ್ಗೆ ಮಾತನಾಡುತ್ತಾಳೆ ಎಂದು ನೀವು ಎಣಿಸಿರಬಹುದು. ಆದರೆ ಇಂದು ನಾನು ದೇಶದ ಅಭಿವೃದ್ಧಿ ಯೋಜನೆಗಳ ಬಗ್ಗೆಯೂ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಬಗ್ಗೆಯೂ ಮಾತನಾಡಬೇಕೆಂದಿದ್ದೇನೆ. ಇದಕ್ಕೆ ಕಾರಣ ನನ್ನ ತರಗತಿಯ ಒಬ್ಬ ಹುಡುಗಿ.

ಎಂಟನೇ ತರಗತಿಯಲ್ಲಿ ವಿಶ್ವಸಂಸ್ಥೆಯ ವಿಷಯ ಬಂದಾಗ, ಜಗತ್ತಿನ 193 ದೇಶಗಳು ಸೇರಿ 17 ಗುರಿಗಳನ್ನು ಇಟ್ಟುಕೊಂಡಿವೆ, 2030ರೊಳಗೆ ಪ್ರತಿಯೊಬ್ಬರಿಗೂ ಶುದ್ಧ ನೀರು, ಪ್ರತಿ ಮಗುವಿಗೂ ಒಳ್ಳೆಯ ಶಿಕ್ಷಣ ಸಿಗಬೇಕು ಎಂದು ಒಪ್ಪಿಕೊಂಡಿವೆ ಎಂದು ಹೇಳಿದೆ. ಹಿಂದಿನ ಬೆಂಚಿನಿಂದ ಆ ಹುಡುಗಿ ಎದ್ದು ನಿಂತಳು. "ಟೀಚರ್, ಅವರಿಗೆ ನಮ್ಮೂರು ಗೊತ್ತಾ?" ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕೆ. ಮನೆಗೆ ಹೋದ ಮೇಲೆ ಮಾತ್ರ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪಾಠ ಒಪ್ಪಿಸಿದ ನನಗೇ ಉತ್ತರ ಗೊತ್ತಿರಲಿಲ್ಲ. ಅಂದಿನಿಂದ ಓದಿ, ಕೇಳಿ, ಸುತ್ತಾಡಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಯೋಜನೆ ಎಂಬ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ

ವಿದ್ಯಾರ್ಥಿಗಳೇ, ನಿಮಗೆ ಹೆಮ್ಮೆಯಾಗುವ ಸಂಗತಿಯೊಂದನ್ನು ಮೊದಲು ಹೇಳುತ್ತೇನೆ. ಸ್ವಾತಂತ್ರ್ಯ ಬರುವುದಕ್ಕೆ 13 ವರ್ಷ ಮೊದಲೇ, 1934ರಲ್ಲಿ, ಭಾರತದ ಆರ್ಥಿಕತೆಯನ್ನು ಯೋಜನೆಯ ಮೂಲಕ ಕಟ್ಟಬೇಕೆಂದು ಇಂಗ್ಲಿಷಿನಲ್ಲಿ ಒಂದು ಪುಸ್ತಕವೇ ಹೊರಬಂತು. ಹತ್ತು ವರ್ಷಗಳಲ್ಲಿ ದೇಶದ ಆದಾಯವನ್ನು ಎರಡರಷ್ಟು ಮಾಡುವ ಮಾರ್ಗವನ್ನು ಅದರಲ್ಲಿ ಹೇಳಲಾಗಿತ್ತು. ಬರೆದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಇದೆ.

ಸ್ವಾತಂತ್ರ್ಯಾನಂತರ 1950ರಲ್ಲಿ ಯೋಜನಾ ಆಯೋಗ ಸ್ಥಾಪನೆಯಾಯಿತು. 1951ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಹಸಿರು ಕ್ರಾಂತಿ, ಬಡತನ ನಿರ್ಮೂಲನೆ ಹೀಗೆ ಒಂದೊಂದು ಕಾಲದಲ್ಲಿ ಒಂದೊಂದಕ್ಕೆ ಒತ್ತು ಕೊಡುತ್ತಾ 12 ಯೋಜನೆಗಳು ನಡೆದವು. ಹನ್ನೆರಡನೆಯದು 2017ರಲ್ಲಿ ಮುಗಿಯಿತು. ಅದಕ್ಕೂ ಮೊದಲು, 2015ರ ಜನವರಿ 1ರಂದು, ಯೋಜನಾ ಆಯೋಗದ ಜಾಗದಲ್ಲಿ ನೀತಿ ಆಯೋಗ ಬಂದಿತ್ತು.

ಅದೇ 2015ರ ಸೆಪ್ಟೆಂಬರ್ 25ರಂದು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಅಂಗೀಕರಿಸಿತು. ಇವುಗಳ ಒಳಗೆ 169 ಉಪಗುರಿಗಳಿವೆ. ಇದಕ್ಕೂ ಮೊದಲು 2000ದಿಂದ 2015ರವರೆಗೆ ಸಹಸ್ರಮಾನದ ಅಭಿವೃದ್ಧಿ ಗುರಿಗಳೆಂಬ ಎಂಟು ಗುರಿಗಳಿದ್ದವು. ಅವು ಹೆಚ್ಚಾಗಿ ಬಡ ದೇಶಗಳನ್ನು ಉದ್ದೇಶಿಸಿದ್ದವು. ಈಗಿನ 17 ಗುರಿಗಳು ಶ್ರೀಮಂತ ದೇಶಕ್ಕೂ ಬಡ ದೇಶಕ್ಕೂ ಒಂದೇ. ಯಾರನ್ನೂ ಹಿಂದೆ ಬಿಡಬಾರದು ಎಂಬುದೇ ಅವುಗಳ ಮೂಲ ಮಾತು.

ಹೀಗೆ ಒಂದೇ ವರ್ಷದಲ್ಲಿ ದೇಶದ ಯೋಜನೆಯ ರೀತಿಯೂ ಬದಲಾಯಿತು, ಜಗತ್ತಿನ ಗುರಿಗಳೂ ಬದಲಾದವು. ಇವೆರಡನ್ನೂ ಜೋಡಿಸುವ ಹೊಣೆ ನೀತಿ ಆಯೋಗದ ಮೇಲೆ ಬಿತ್ತು.

ಸುಸ್ಥಿರ ಎಂದರೇನು?

ಈ ಪದವನ್ನು ಹೇಗೆ ವಿವರಿಸುವುದು? ನಮ್ಮ ಮನೆಗಳ ರಾಗಿಯನ್ನು ನೆನಪು ಮಾಡಿಕೊಳ್ಳಿ. ಸುಗ್ಗಿಯಲ್ಲಿ ಬಂದ ರಾಗಿಯಲ್ಲಿ ಊಟಕ್ಕೆ ಒಂದು ಪಾಲು, ಮುಂದಿನ ಬಿತ್ತನೆಗೆ ಒಂದು ಪಾಲು ಎಂದು ಅಜ್ಜಿಯರು ತೆಗೆದಿಡುತ್ತಿದ್ದರು. ಎಷ್ಟೇ ಕಷ್ಟ ಬಂದರೂ ಬಿತ್ತನೆಯ ರಾಗಿಗೆ ಕೈ ಹಾಕುತ್ತಿರಲಿಲ್ಲ. ಬಿತ್ತನೆಯ ರಾಗಿಯನ್ನು ಉಳಿಸಿಕೊಂಡು ಹೊಟ್ಟೆ ತುಂಬಿಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ. ಅದನ್ನೂ ಬೀಸಿ ಮುದ್ದೆ ಮಾಡಿ ಉಂಡರೆ ಈ ವರ್ಷ ಹೊಟ್ಟೆ ತುಂಬುತ್ತದೆ, ಮುಂದಿನ ವರ್ಷ ಹೊಲ ಬೀಳು ಬೀಳುತ್ತದೆ.

ಈಗ ನಾನು ಕೇಳುತ್ತೇನೆ: ನಮ್ಮ ಜಿಲ್ಲೆ ನೀರಿನ ವಿಷಯದಲ್ಲಿ ಮಾಡಿದ್ದೇನು? ಬಿತ್ತನೆಯ ರಾಗಿಯನ್ನು ಉಂಡದ್ದಲ್ಲವೇ?

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಯಾವುದನ್ನೇ ತೆಗೆದುಕೊಳ್ಳಿ, ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್ ಪಿನಾಕಿನಿಗಳ ಸೀಮೆ ಎಂದು ಹೆಸರಷ್ಟೇ. ಅದಕ್ಕೇ ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುವಂತೆ ಸರಪಳಿ ಮಾಡಿದರು. ಏರಿ, ತೂಬು, ಕಾಲುವೆ ನೋಡಿಕೊಳ್ಳಲು ನೀರುಗಂಟಿಯನ್ನು ಇಟ್ಟರು. ಕೆರೆಯಲ್ಲಿ ನೀರು ನಿಂತರೆ ಬಾವಿಯಲ್ಲಿ ನೀರು ಇರುತ್ತಿತ್ತು.

ಆಮೇಲೆ ಕೊಳವೆಬಾವಿ ಬಂತು. ಕೆರೆಯ ಕಡೆ ನೋಡುವವರು ಕಡಿಮೆಯಾದರು. ಹೂಳು ತುಂಬಿತು, ಜಾಲಿ ಬೆಳೆಯಿತು, ಕಾಲುವೆಗಳು ಒತ್ತುವರಿಯಾದವು. ಇಂದು ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗುತ್ತದೆಂಬ ಭರವಸೆಯಿಲ್ಲ. ಒಂದು ವರ್ಷದಲ್ಲಿ ಇಂಗುವ ನೀರಿಗಿಂತ ಹೆಚ್ಚು ನೀರನ್ನು ಎತ್ತುವ ತಾಲ್ಲೂಕನ್ನು ಕೇಂದ್ರ ಅಂತರ್ಜಲ ಮಂಡಳಿ 'ಅತಿ ಬಳಕೆ'ಯ ವರ್ಗಕ್ಕೆ ಸೇರಿಸುತ್ತದೆ. ನಮ್ಮ ಚಿಂತಾಮಣಿ ಆ ಪಟ್ಟಿಯಲ್ಲಿ ಇದ್ದು ಬಂದಿದೆ. ಇನ್ನೂ ಒಂದು ಕೇಡೆಂದರೆ, ಆಳದ ಕಲ್ಲಿನ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಪ್ರತಿ ಲೀಟರಿನಲ್ಲಿ ಅದು 1 ಮಿಲಿಗ್ರಾಮ್ ಮೀರದಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ. ದೊಡ್ಡವರಿಗೆ ಮೂಳೆ, ಕೀಲು ಹಿಡಿಯುತ್ತವೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮಕ್ಕಳನ್ನು ನೀವೂ ನೋಡಿದ್ದೀರಿ.

ಒಂದು ಗುರಿ ಇನ್ನೊಂದನ್ನು ತಳ್ಳಿದಾಗ

ಇಲ್ಲಿ ಸ್ವಲ್ಪ ಸೂಕ್ಷ್ಮವಾಗಿ ಯೋಚಿಸಬೇಕು. ಯಾರೂ ಕೆಟ್ಟ ಉದ್ದೇಶದಿಂದ ಕೊಳವೆಬಾವಿ ಕೊರೆಯಲಿಲ್ಲ. ರೈತನಿಗೆ ಆದಾಯ ಬೇಕಿತ್ತು. ಚಿಂತಾಮಣಿಯ ಟೊಮೆಟೊ, ಶಿಡ್ಲಘಟ್ಟದ ರೇಷ್ಮೆಗೂಡು ಎಷ್ಟು ಮನೆಗಳ ಒಲೆ ಹೊತ್ತಿಸಿವೆ! ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟದ್ದೂ ರೈತ ಉಳಿಯಲಿ ಎಂದೇ. ಬಡತನ ನಿವಾರಣೆ ಒಂದನೇ ಗುರಿ, ಆಹಾರ ಎರಡನೆಯದು, ಒಳ್ಳೆಯ ದುಡಿಮೆ ಎಂಟನೆಯದು. ಇವೆಲ್ಲ ಸರಿಯಾದ ಗುರಿಗಳೇ. ಆದರೆ ಇವುಗಳನ್ನು ಒಂದೊಂದಾಗಿ ಹಿಡಿದು ಓಡಿದಾಗ ಆರನೆಯದಾದ ನೀರು ಹಿಂದೆ ಬಿತ್ತು. ಕೃಷಿ ಇಲಾಖೆಯ ಯೋಜನೆ ಬೇರೆ, ವಿದ್ಯುತ್ತಿನದು ಬೇರೆ, ಕುಡಿಯುವ ನೀರಿನದು ಬೇರೆ ಎಂದಾದಾಗ ಭೂಮಿಯ ಅಡಿಯ ನೀರಿಗೆ ಮಾತ್ರ ಯಾವ ಇಲಾಖೆಯೂ ಪೂರ್ತಿ ಜವಾಬ್ದಾರನಾಗಲಿಲ್ಲ. ದೇಶದ ಯೋಜನೆಯನ್ನು ಸುಸ್ಥಿರ ಗುರಿಗಳಿಗೆ ಹೊಂದಿಸುವುದೆಂದರೆ ಕಡತದ ಮೇಲೆ 17 ಬಣ್ಣದ ಚಿಹ್ನೆ ಅಂಟಿಸುವುದಲ್ಲ. ಒಂದು ಗುರಿಗೆ ಖರ್ಚು ಮಾಡುವಾಗ ಇನ್ನೊಂದು ಗುರಿಯ ಬೇರು ಕೀಳುತ್ತಿದ್ದೇವೆಯೇ ಎಂದು ನೋಡಿಕೊಳ್ಳುವುದು.

ನೀರು ತರುವ ಯೋಜನೆಗಳಲ್ಲೂ ಇದೇ ಪ್ರಶ್ನೆ ಇದೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 440 ದಶಲಕ್ಷ ಲೀಟರ್ ಕೊಡುವ ಯೋಜನೆ ಕೋಲಾರ ಜಿಲ್ಲೆಗಾಗಿ ಮಾಡಿದ್ದು. 2018ರ ಜೂನ್‌ನಲ್ಲಿ ನೀರು ಹರಿಯಿತು. ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳೂ ಅದರ ಪಟ್ಟಿಯಲ್ಲಿವೆ. ಹೆಬ್ಬಾಳ–ನಾಗವಾರ ಕಣಿವೆಯಿಂದ ದಿನಕ್ಕೆ 210 ದಶಲಕ್ಷ ಲೀಟರ್ ತರುವ ಇನ್ನೊಂದು ಯೋಜನೆ ಚಿಕ್ಕಬಳ್ಳಾಪುರದ ಕಂದವಾರ ಮೊದಲಾದ ಕೆರೆಗಳಿಗೆ ನೀರು ತಂದಿತು. ಕೊಳಚೆ ನೀರನ್ನು ಶುದ್ಧೀಕರಿಸಿ ಮರುಬಳಕೆ ಮಾಡಬೇಕೆಂದು ಆರನೇ ಗುರಿಯ ಮೂರನೇ ಉಪಗುರಿಯೇ ಹೇಳುತ್ತದೆ. ಆ ಲೆಕ್ಕದಲ್ಲಿ ಇದು ಜಗತ್ತಿಗೆ ತೋರಿಸಬಹುದಾದ ಕೆಲಸ. ಬರಿದಾದ ಕೆರೆಯಲ್ಲಿ ನೀರು ಕಂಡ ರೈತನ ಸಂತೋಷವೂ ಸುಳ್ಳಲ್ಲ. ಆದರೆ 2018ರ ಜುಲೈಯಲ್ಲಿ ಕೋಲಾರದ ಕಡೆ ನೊರೆ ಬಂದು ವಿಷಯ ನ್ಯಾಯಾಲಯಕ್ಕೆ ಹೋಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ನಮ್ಮ ಜಿಲ್ಲೆಗಳ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಈ ನೀರು ಅಂತರ್ಜಲ ತುಂಬಲು, ನೇರವಾಗಿ ಕುಡಿಯಲು ಅಲ್ಲ ಎಂಬುದನ್ನು ಪ್ರತಿ ಮನೆಗೂ ತಿಳಿಸಬೇಕಲ್ಲವೇ? ಆ ತಿಳಿವಳಿಕೆ ಕೊಡುವ ಕೆಲಸ ಶಾಲೆಗಳದು ಕೂಡ.

ಎತ್ತಿನಹೊಳೆ ಯೋಜನೆಗೆ 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆಯಾಯಿತು. ಪಶ್ಚಿಮಘಟ್ಟದ ಹಳ್ಳಗಳಿಂದ 24.01 ಟಿಎಂಸಿ ನೀರು ತರುವುದು ಅದರ ಲೆಕ್ಕ. ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ನಡೆಯಿತು. ನಮಗೆ ಅದು ಕುಡಿಯುವ ನೀರಿನ ಆಸೆ. ಆ ಕಡೆಯ ಜನರಿಗೆ ಅದು ಕಾಡಿನ ಪ್ರಶ್ನೆ, ಕರಾವಳಿಯ ನದಿಯ ಪ್ರಶ್ನೆ. ನಮ್ಮ ಬಾಯಾರಿಕೆ ನಿಜ. ಅವರ ಆತಂಕವೂ ನಿಜ. ನೂರಾರು ಕಿಲೋಮೀಟರ್ ದೂರದ ನೀರಿಗೆ ಕಾಯುವ ಮೊದಲು ನಮ್ಮ ಕೆರೆಯ ಕಾಲುವೆ ತೆರೆದಿದೆಯೇ ಎಂದು ನೋಡುವುದು ನ್ಯಾಯ ಎಂದು ನನಗನಿಸುತ್ತದೆ.

ಅಂಕಪಟ್ಟಿ ಹೇಳದ ಮಾತು

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ನ್ಯೂಯಾರ್ಕಿನಲ್ಲಿ ಒಪ್ಪಿದ ಗುರಿ ನಮ್ಮೂರಿಗೆ ಹೇಗೆ ತಲುಪುತ್ತದೆ?

ಭಾರತ ತನ್ನ ಪ್ರಗತಿಯ ವರದಿಯನ್ನು 2017, 2020 ಮತ್ತು 2025ರಲ್ಲಿ ವಿಶ್ವಸಂಸ್ಥೆಯ ಮುಂದೆ ಇಟ್ಟಿತು. ದೇಶದೊಳಗೆ ರಾಜ್ಯಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಸೂಚ್ಯಂಕವನ್ನು ನೀತಿ ಆಯೋಗ 2018ರಲ್ಲಿ ಶುರು ಮಾಡಿತು. ಆಗ ಇಡೀ ದೇಶಕ್ಕೆ ಬಂದ ಅಂಕ 57. 2023–24ರ ಸೂಚ್ಯಂಕದಲ್ಲಿ ಅದು 71 ಆಯಿತು. ಸಂತೋಷದ ವಿಷಯ.

ಆದರೆ ಅಂಕಪಟ್ಟಿ ಬರೆಯುವುದು ನನ್ನ ವೃತ್ತಿ. ಒಟ್ಟು ಶೇಕಡ 71 ತೆಗೆದ ಮಗು ಗಣಿತದಲ್ಲಿ ಅನುತ್ತೀರ್ಣವಾಗಿರಬಹುದು. ಸರಾಸರಿ ಅದನ್ನು ಮುಚ್ಚಿಡುತ್ತದೆ. ದೇಶದ ಸರಾಸರಿ ರಾಜ್ಯವನ್ನು ಮುಚ್ಚುತ್ತದೆ, ರಾಜ್ಯದ್ದು ಜಿಲ್ಲೆಯನ್ನು, ಜಿಲ್ಲೆಯದು ಹಳ್ಳಿಯನ್ನು, ಹಳ್ಳಿಯದು ಒಂದು ಬೀದಿಯನ್ನು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಸುಮಾರು ಶೇಕಡ 70. ಆದರೆ ಹೆಣ್ಣುಮಕ್ಕಳದು ಸುಮಾರು 62 ಮಾತ್ರ. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗ ಇಡೀ ದೇಶ ಬೆರಗಾದದ್ದೂ ಇದಕ್ಕೇ. ಸರಾಸರಿಯೊಳಗೆ ಅಡಗಿದ್ದ ಒಂದು ಸಮುದಾಯದ ಹಿಂದುಳಿದಿರುವಿಕೆ ಬಿಡಿ ಅಂಕಿಗಳನ್ನು ತೆಗೆದು ನೋಡಿದಾಗ ಕಂಡಿತು.

ನಲ್ಲಿಯ ಲೆಕ್ಕವೂ ಹಾಗೆಯೇ. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ 'ಮನೆ ಮನೆಗೆ ಗಂಗೆ' ಎಂಬ ಹೆಸರು. 2024ರೊಳಗೆ ಪ್ರತಿ ಗ್ರಾಮೀಣ ಮನೆಗೆ ನಲ್ಲಿ, ದಿನಕ್ಕೆ ತಲಾ 55 ಲೀಟರ್ ನೀರು ಎಂಬ ಗುರಿ ಇತ್ತು. 2025ರ ಬಜೆಟ್‌ನಲ್ಲಿ ಅವಧಿಯನ್ನು 2028ರವರೆಗೆ ವಿಸ್ತರಿಸಿದರು. ಅನೇಕ ಬೀದಿಗಳಿಗೆ ಪೈಪು ಬಂತು, ಮನೆ ಮುಂದೆ ನಲ್ಲಿ ನಿಂತಿತು. ತಲೆಯ ಮೇಲೆ ಬಿಂದಿಗೆ ಹೊತ್ತು ನಡೆಯುವ ಕಷ್ಟ ಎಷ್ಟೋ ತಾಯಂದಿರಿಗೆ ತಪ್ಪಿತು. ಆದರೆ ಲೆಕ್ಕದಲ್ಲಿ ಬರುವುದು ನಲ್ಲಿ. ಆ ನಲ್ಲಿಯಲ್ಲಿ ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ, ಎಷ್ಟು ಬಿಂದಿಗೆ ತುಂಬುತ್ತದೆ, ಅದರಲ್ಲಿ ಫ್ಲೋರೈಡ್ ಎಷ್ಟು ಎಂಬುದನ್ನು ಅಲ್ಲಿ ವಾಸಿಸುವವರೇ ಹೇಳಬೇಕು. ನಾವು ಹೇಳಿದ್ದೇವೆಯೇ?

ನನ್ನ ಶಾಲೆಯಲ್ಲಿ ನಡೆದದ್ದು

ನಾನು ಹೇಳಿರಲಿಲ್ಲ. ಇದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ನಾನು ಪಾಠ ಹೇಳಿದ ಒಂದು ಶಾಲೆಯಲ್ಲಿ ಹುಡುಗಿಯರ ಶೌಚಾಲಯವಿತ್ತು, ನೀರಿರಲಿಲ್ಲ. ಪ್ರತಿ ವರ್ಷ ತುಂಬುವ ನಮೂನೆಯಲ್ಲಿ 'ಶೌಚಾಲಯ ಇದೆಯೇ?' ಎಂಬ ಕಡೆ 'ಇದೆ' ಎಂದು ಗುರುತು ಹಾಕಿದವಳು ನಾನೇ. ಅದು ಸುಳ್ಳಲ್ಲ. ಗೋಡೆ ಇತ್ತು, ಬಾಗಿಲಿತ್ತು. ಆದರೆ ಮಧ್ಯಾಹ್ನ ಊಟ ಮುಗಿಸಿ ಮನೆಗೆ ಹೋದ ದೊಡ್ಡ ಹುಡುಗಿಯರಲ್ಲಿ ಕೆಲವರು ಮರಳಿ ಬರುತ್ತಿರಲಿಲ್ಲ. ಓದಿನಲ್ಲಿ ಆಸಕ್ತಿಯಿಲ್ಲ ಎಂದು ನಾನು ಬೈದಿದ್ದೆ. ಒಬ್ಬ ಹುಡುಗಿಯ ತಾಯಿ ಬಂದು ಮೆಲ್ಲನೆ ಹೇಳಿದರು: "ಅವಳಿಗೆ ಓದೋ ಆಸೆ ಇದೆ ಟೀಚರಮ್ಮ, ಸಾಯಂಕಾಲದವರೆಗೆ ತಡ್ಕೊಳ್ಳೋಕೆ ಆಗಲ್ಲ." ಅಂದು ಮನೆಗೆ ಹೋಗುವ ದಾರಿಯಲ್ಲಿ ನನಗೆ ಮಾತೇ ಹೊರಡಲಿಲ್ಲ.

ಒಂದು ತಿಂಗಳು ಮಧ್ಯಾಹ್ನದ ಹಾಜರಿಯನ್ನು ಬೇರೆ ಪುಸ್ತಕದಲ್ಲಿ ಬರೆದೆ. ಮಕ್ಕಳೇ ನೀರಿನ ಲೆಕ್ಕ ಇಟ್ಟರು. ಯಾವ ದಿನ ಮಿನಿ ಟ್ಯಾಂಕಿಗೆ ನೀರು ಬಂತು, ಎಷ್ಟು ಕೊಡ ಶಾಲೆಗೆ ಹೊತ್ತರು, ಹೊತ್ತವರು ಯಾರು ಎಂದು ಬರೆದರು. ಹೊತ್ತವರಲ್ಲೂ ಹುಡುಗಿಯರೇ ಹೆಚ್ಚು. ಆ ಪುಸ್ತಕ ಹಿಡಿದುಕೊಂಡು ಜೀವನದಲ್ಲಿ ಮೊದಲ ಬಾರಿ ಗ್ರಾಮ ಸಭೆಗೆ ಹೋದೆ. ಆಗ ನನಗೆ ಮೂವತ್ತು ದಾಟಿತ್ತು. ಸಭೆಯಲ್ಲಿ ಹೆಂಗಸರು ಹಿಂದೆ ನಿಂತಿದ್ದರು. ನನ್ನ ಮಾತು ಕೇಳಿದ ಸದಸ್ಯರೊಬ್ಬರು ಸಿಟ್ಟಾಗಲಿಲ್ಲ. "ಮೇಡಂ, ಈ ವರ್ಷದ ಯೋಜನೆಯಲ್ಲಿ ಇದು ಸೇರಿಲ್ಲ. ವಾರ್ಡ್ ಸಭೆಯಲ್ಲಿ ಯಾರೂ ಹೇಳಲೇ ಇಲ್ಲ" ಎಂದರು. ವಾರ್ಡ್ ಸಭೆ ಯಾವಾಗ ನಡೆಯಿತು ಎಂದು ನನಗೆ ಗೊತ್ತೇ ಇರಲಿಲ್ಲ.

ಮುಂದಿನ ವರ್ಷ ತಿಳಿದುಕೊಂಡು ಹೋದೆವು. ಮೂವರು ತಾಯಂದಿರು ಜೊತೆಗೆ ಬಂದರು. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಎದ್ದು ತಮ್ಮ ಲೆಕ್ಕವನ್ನು ಓದಿದರು. ಕೆಲಸ ಯೋಜನೆಯಲ್ಲಿ ಸೇರಿತು. ಪೈಪು ಬಂತು, ಸಣ್ಣದೊಂದು ಟ್ಯಾಂಕ್ ಬಂತು. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಬೇಸಿಗೆಯಲ್ಲಿ ನೀರು ಬಾರದ ದಿನಗಳು ಇದ್ದೇ ಇದ್ದವು. ಆದರೆ ಮಧ್ಯಾಹ್ನದ ಹಾಜರಿಯಲ್ಲಿ ಖಾಲಿ ಜಾಗಗಳು ಕಡಿಮೆಯಾದವು.

ಪ್ರತಿ ಶಾಲೆಯಲ್ಲೂ ಕುಡಿಯುವ ನೀರು ಮತ್ತು ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂಬುದನ್ನು ಶಿಕ್ಷಣದ ಗುರಿಯಡಿಯಲ್ಲೇ ಅಳೆಯುತ್ತಾರೆಂದು ಆಮೇಲೆ ಓದಿದೆ. ನೀರಿನ ನಿರ್ವಹಣೆಯಲ್ಲಿ ಸ್ಥಳೀಯ ಜನ ಪಾಲ್ಗೊಳ್ಳಬೇಕೆಂಬುದು ಆರನೇ ಗುರಿಯಲ್ಲೇ ಇದೆ. ಜಗತ್ತು ಬರೆದಿಟ್ಟ ಗುರಿಯನ್ನು ನಾವು ಓದದೆಯೇ ಮಾಡಿದ್ದೆವು. ಓದಿದ್ದರೆ ಒಂದು ವರ್ಷ ಮೊದಲೇ ಮಾಡುತ್ತಿದ್ದೆವು.

ಕಾನೂನು ನಮ್ಮ ಕೈಗೆ ಕೊಟ್ಟಿರುವುದು

ಮಿತ್ರರೇ, ಇದು ಯಾರ ದಯೆಯೂ ಅಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ, ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯಕ್ಕಾಗಿ ಯೋಜನೆ ಮಾಡುವ ಕೆಲಸವನ್ನು ಪಂಚಾಯಿತಿಗಳಿಗೆ ವಹಿಸಲು ದಾರಿ ಮಾಡಿತು. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಕುಡಿಯುವ ನೀರು, ಶಿಕ್ಷಣ, ಸಣ್ಣ ಕೈಗಾರಿಕೆ ಎಲ್ಲವೂ ಅದರಲ್ಲಿ ಸೇರಿವೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಯ ವಾರ್ಷಿಕ ಯೋಜನೆಗೆ 'ನಮ್ಮ ಗ್ರಾಮ ನಮ್ಮ ಯೋಜನೆ' ಎಂದು ಹೆಸರು.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 17 ಗುರಿಗಳನ್ನು ಹಳ್ಳಿಗೆ ಅರ್ಥವಾಗುವಂತೆ ಒಂಬತ್ತು ವಿಷಯಗಳಾಗಿ ಹೆಣೆಯಿತು: ಬಡತನವಿಲ್ಲದ ಊರು, ಆರೋಗ್ಯವಂತ ಊರು, ಮಕ್ಕಳಸ್ನೇಹಿ ಊರು, ನೀರು ಸಾಕಷ್ಟಿರುವ ಊರು, ಸ್ವಚ್ಛ ಹಸಿರು ಊರು, ಮೂಲಸೌಕರ್ಯದಲ್ಲಿ ಸ್ವಾವಲಂಬಿ ಊರು, ಸಾಮಾಜಿಕ ಭದ್ರತೆಯುಳ್ಳ ಊರು, ಒಳ್ಳೆಯ ಆಡಳಿತದ ಊರು, ಮಹಿಳಾಸ್ನೇಹಿ ಊರು. ಪಂಚಾಯಿತಿಗಳು ಇವುಗಳಲ್ಲಿ ಆರಿಸಿಕೊಂಡು ಯೋಜನೆ ಮಾಡಬೇಕು. 2025ರಲ್ಲಿ ದೇಶದ 2 ಲಕ್ಷಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿಗೆ ಈ ಒಂಬತ್ತು ವಿಷಯಗಳಲ್ಲಿ ಅಂಕ ಕೊಟ್ಟ ಮೊದಲ ಸೂಚ್ಯಂಕವೂ ಹೊರಬಂತು. ಹಣದ ವಿಷಯದಲ್ಲೂ ಹೀಗೆಯೇ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿತು.

ಆದ್ದರಿಂದ ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು: "ಮಗಳೇ, ಅವರಿಗೆ ನಮ್ಮೂರಿನ ಹೆಸರು ಗೊತ್ತಿಲ್ಲದಿರಬಹುದು. ಆದರೆ ನಮ್ಮೂರಿನ ಲೆಕ್ಕ ಅವರನ್ನು ತಲುಪುವ ದಾರಿ ಇದೆ. ಆ ದಾರಿ ನಮ್ಮ ವಾರ್ಡ್ ಸಭೆಯಲ್ಲಿ ಶುರುವಾಗುತ್ತದೆ."

ನಾವು ಮಾಡಬೇಕಾದದ್ದು

"ನಮ್ಮ ಮಾತು ಯಾರು ಕೇಳುತ್ತಾರೆ ಬಿಡಿ" ಎಂದು ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿರಬಹುದು. ಕೇಳದೆ ಹೋಗುವುದೂ ಉಂಟು. ಆದರೆ ಹೇಳದ ಮಾತನ್ನು ಯಾರೂ ಕೇಳಲಾರರು. ಬರಿಗೈಯಲ್ಲಿ ಹೇಳಿದ ಮಾತಿಗಿಂತ ಲೆಕ್ಕ ಬರೆದು ತಂದ ಮಾತಿಗೆ ತೂಕ ಹೆಚ್ಚು. ಸಂಘದ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ.

ಮೊದಲನೆಯದು, ವಾರ್ಡ್ ಸಭೆ ಮತ್ತು ಗ್ರಾಮ ಸಭೆಯ ದಿನಾಂಕವನ್ನು ಸಂಘ ತಿಳಿದುಕೊಂಡು ಮನೆಮನೆಗೆ ತಿಳಿಸಲಿ. ಉರ್ದು ಮಾತ್ರ ಓದುವ ತಾಯಂದಿರಿಗೆ ಉರ್ದುವಿನಲ್ಲೇ ಒಂದು ಚೀಟಿ ಬರೆದು ಕೊಡೋಣ. ನಮ್ಮ ಗಡಿ ಸೀಮೆಯಲ್ಲಿ ಮನೆಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಅರ್ಜಿ ಬರೆಯುವಷ್ಟು ಕನ್ನಡ ನಮ್ಮ ಪ್ರತಿ ಹೆಣ್ಣುಮಗಳಿಗೂ ಬರಬೇಕು. ಭಾಷೆ ಕಲಿಸುವವಳಾಗಿ ಇದನ್ನು ನಾನು ಒತ್ತಿ ಹೇಳುತ್ತೇನೆ.

ಎರಡನೆಯದು, ಹೈಸ್ಕೂಲು ಮತ್ತು ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಬೀದಿಯ ನೀರಿನ ಲೆಕ್ಕ ಇಡಲಿ. ಯಾವ ದಿನ ಬಂತು, ಎಷ್ಟು ಹೊತ್ತು ಬಂತು, ಎಷ್ಟು ಬಿಂದಿಗೆ ತುಂಬಿತು ಎಂದು ಬರೆಯಲು ಒಂದು ನೋಟ್‌ಬುಕ್ ಸಾಕು. ನೀರನ್ನು ಪರೀಕ್ಷೆಗೆ ಕಳಿಸುವಂತೆ ಪಂಚಾಯಿತಿಯನ್ನು ಕೇಳಲಿ. ಅಂಕಿಸಂಖ್ಯೆ ಎಂಬುದು ಪರೀಕ್ಷೆಗೆ ಓದಿ ಮರೆಯುವ ಪಾಠವಲ್ಲ, ನ್ಯಾಯ ಕೇಳುವ ಸಾಧನ ಎಂದು ಆಗ ಗೊತ್ತಾಗುತ್ತದೆ. ಜಮಾಬಂದಿ ನಡೆಯುವಾಗ ಹೋಗಿ, ಯೋಜನೆಯಲ್ಲಿ ಬರೆದದ್ದು ನೆಲದ ಮೇಲೆ ಇದೆಯೇ ಎಂದು ನೋಡಲಿ.

ಮೂರನೆಯದು, ನಾವೇ ಮಾಡಬಹುದಾದ್ದನ್ನು ಮಾಡೋಣ. ಮಸೀದಿಯಲ್ಲಿ ವಜೂ ಮಾಡಿದ ನೀರು ಮೋರಿಗೆ ಹೋಗದೆ ಗಿಡಕ್ಕೋ ಇಂಗುಗುಂಡಿಗೋ ಹೋಗುವಂತೆ ಮಾಡಲು ದೊಡ್ಡ ಖರ್ಚಿಲ್ಲ. ವಜೂವಿನಲ್ಲೂ ನೀರು ಪೋಲು ಮಾಡಬಾರದೆಂದು ಚಿಕ್ಕಂದಿನಲ್ಲೇ ಕಲಿತವರು ನಾವು. ಈ ಮುರುಗಮಲ್ಲದ ದರ್ಗಾಕ್ಕೆ ಎಲ್ಲ ಮತದವರೂ ದೂರದೂರದಿಂದ ಬರುತ್ತಾರೆ. ಇದೇ ಊರಿನಲ್ಲಿ ಮುಕ್ತೀಶ್ವರನ ದೇವಸ್ಥಾನವೂ ಇದೆ. ಬರುವ ಅತಿಥಿಗಳಿಗೆ ನೀರು, ಶೌಚಾಲಯ ಬೇಕು, ಅವರು ಬಿಟ್ಟುಹೋಗುವ ಪ್ಲಾಸ್ಟಿಕ್ ತೆಗೆಯಬೇಕು. ಎರಡೂ ಕಡೆಯ ಯುವಕರು ಸೇರಿ ಉರುಸಿನಲ್ಲೂ ಜಾತ್ರೆಯಲ್ಲೂ ಈ ಸೇವೆ ಮಾಡಿದರೆ 'ಸ್ವಚ್ಛ ಹಸಿರು ಊರು' ಎಂಬ ಮಾತಿಗೆ ಅರ್ಥ ಬರುತ್ತದೆ.

ನಾಲ್ಕನೆಯದು, ದುಡಿಮೆಯ ಕಡೆಯೂ ನೋಡೋಣ. ಶಿಡ್ಲಘಟ್ಟದಲ್ಲಿ ಗೂಡು ಬಿಚ್ಚಿ ನೂಲು ತೆಗೆಯುವ ಮನೆಗಳಲ್ಲಿ ನಮ್ಮವರು ಬಹಳ ಮಂದಿ. ಬಿಸಿನೀರಿನಲ್ಲಿ ಕೈ ಅದ್ದಿ, ಒಲೆಯ ಹೊಗೆ ಕುಡಿದು ಹೆಂಗಸರು ದುಡಿಯುತ್ತಾರೆ. ಹೊಗೆ ಕಡಿಮೆಯಾಗುವ ಒಲೆ, ಗಾಳಿ ಆಡುವ ಕೋಣೆ, ಹೊರಬಿಡುವ ನೀರಿಗೆ ಒಂದು ವ್ಯವಸ್ಥೆ ಇವೆಲ್ಲ ಆರೋಗ್ಯದ ಗುರಿಯೂ ಹೌದು, ದುಡಿಮೆಯ ಗುರಿಯೂ ಹೌದು. ಅಲ್ಲಿ ಮಕ್ಕಳು ಕೆಲಸಕ್ಕೆ ಕೂರದೆ ಶಾಲೆಯಲ್ಲಿ ಕೂರುವಂತೆ ನೋಡಿಕೊಳ್ಳುವುದು ನಮ್ಮ ಸಂಘದ ಮೊದಲ ಕರ್ತವ್ಯ.

ಓದುಗ ಮಿತ್ರರೇ, ನನ್ನ ಮಾತು ಮುಗಿಸುತ್ತೇನೆ. 2030 ಎಂಬುದು ದೂರದ ವರ್ಷವಲ್ಲ. ಇಂದು ನನ್ನ ತರಗತಿಯಲ್ಲಿ ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗಿಯರು ಕೂತಿದ್ದಾರೆ. 2030ರ ಹೊತ್ತಿಗೆ ಅವರು ಮತದಾರರ ಪಟ್ಟಿಗೆ ಸೇರುವ ವಯಸ್ಸಿಗೆ ಹತ್ತಿರ ಬಂದಿರುತ್ತಾರೆ. ಜಗತ್ತು ಅಂದು ತನ್ನ 17 ಗುರಿಗಳ ಲೆಕ್ಕ ಒಪ್ಪಿಸುತ್ತದೆ. ಎಷ್ಟೋ ಗುರಿಗಳು ಬಾಕಿ ಉಳಿದಿರಬಹುದು. ಆಗ ಈ ಹುಡುಗಿಯರು ನಮ್ಮನ್ನು ಕೇಳುವ ಪ್ರಶ್ನೆ ಬೇರೆಯೇ ಇರುತ್ತದೆ: "ನಿಮಗೆ ನಮ್ಮೂರು ಗೊತ್ತಿತ್ತಲ್ಲ, ನೀವೇನು ಮಾಡಿದಿರಿ?" ಅದಕ್ಕೆ ಕೊಡಲು ನಮ್ಮ ಕೈಯಲ್ಲಿ ಒಂದು ಲೆಕ್ಕದ ಪುಸ್ತಕವಾದರೂ ಇರಲಿ.

ಮುಂದಿನ ವಾರ್ಡ್ ಸಭೆಗೆ ಬನ್ನಿ. ಬರುವಾಗ ಮನೆಯ ಹೆಣ್ಣುಮಕ್ಕಳನ್ನೂ ಕರೆತನ್ನಿ.